ಸ್ವಲ್ಪ ಅಡ್ಜಸ್ಟ್ ಮಾಡಿ: ಯಾರು, ಯಾವುದಕ್ಕೆ, ಎಷ್ಟು ದಿನ?

ಬೆಂಗಳೂರಿನ ಬಗ್ಗೆ ಬರೆಯುವವರು ಒಂದಲ್ಲ ಒಂದು ಸಲ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂಬ ಮಾತನ್ನು ಹೊಗಳಿಯೇ ಹೊಗಳುತ್ತಾರೆ. ಅದು ಟೀ ಶರ್ಟಿನ ಮೇಲೆ ಅಚ್ಚಾಗಿದೆ, ಕಾಫಿ ಕಪ್ಪಿನ ಮೇಲೆ ಕೂತಿದೆ. ಹೊರಗಿನಿಂದ ಬಂದವರಿಗೆ ಕಲಿಸುವ ಮೊದಲ ಹತ್ತು ಕನ್ನಡ ವಾಕ್ಯಗಳಲ್ಲಿ ಅದಕ್ಕೊಂದು ಕಾಯಂ ಜಾಗವಿದೆ. ಕನ್ನಡಿಗರ ಸಹನೆ, ಔದಾರ್ಯ, ಹತ್ತು ಜನರೊಡನೆ ಬಾಳುವ ಗುಣ ಎಲ್ಲವೂ ಈ ಮೂರು ಪದಗಳಲ್ಲಿ ಅಡಗಿವೆ ಎಂದು ಹೇಳುವುದು ಈಗ ಒಂದು ಶಿಷ್ಟಾಚಾರವೇ ಆಗಿಹೋಗಿದೆ.

ಈ ಹೊಗಳಿಕೆಯ ಬಗ್ಗೆ ನನ್ನ ತಕರಾರಿದೆ. ಇಂಗ್ಲಿಷಿನಿಂದ ಬಂದ ಪದ ಎಂಬುದು ಅದಕ್ಕೆ ಕಾರಣವಲ್ಲ. ಬಸ್ಸು, ಟಿಕೆಟ್ಟು, ರೋಡುಗಳನ್ನು ಒಪ್ಪಿಕೊಂಡಿರುವ ನಾಲಿಗೆ ಇದೊಂದಕ್ಕೆ ಮುನಿಸಿಕೊಳ್ಳಬೇಕಾಗಿಲ್ಲ. ನನ್ನ ತಕರಾರು ಈ ಪದ ನಮ್ಮಲ್ಲಿ ಮಾಡುತ್ತಿರುವ ಕೆಲಸದ ಬಗ್ಗೆ. ಇಂಗ್ಲಿಷಿನಲ್ಲಿ ಹತ್ತಾರು ಕಸುಬುಗಳಲ್ಲಿ ಖಚಿತವಾದ ಅರ್ಥದಿಂದ ದುಡಿಯುವ ಈ ಪದ ನಮ್ಮಲ್ಲಿಗೆ ಬಂದು ಒಂದು ಮುಖ್ಯ ಅಂಗವನ್ನು ಕಳೆದುಕೊಂಡಿತು. ಆ ಅಂಗ ಇಲ್ಲದಿರುವುದರಿಂದ ಬಲವಿದ್ದವರಿಗೆ ಲಾಭವಾಗಿದೆ, ಬಲವಿಲ್ಲದವರಿಗೆ ಬಾಯಿ ಕಟ್ಟಿದೆ.

ಮೊದಲು ಇಂಗ್ಲಿಷಿನಲ್ಲಿ ಅದರ ಬಾಳು ಹೇಗಿದೆ ನೋಡೋಣ. ಮೂಗಿನ ಮೇಲಿನ ಕನ್ನಡಕವನ್ನು ಅಡ್ಜಸ್ಟ್ ಮಾಡುತ್ತಾರೆ. ಹಿಂದೆ ಬಿದ್ದ ಗಡಿಯಾರವನ್ನು, ಬೈಸಿಕಲ್ಲಿನ ಸೀಟನ್ನು, ರೇಡಿಯೊದ ದನಿಯನ್ನು ಅಡ್ಜಸ್ಟ್ ಮಾಡುತ್ತಾರೆ. ಇಲ್ಲೆಲ್ಲ ಒಂದು ವಸ್ತುವಿದೆ, ಅದು ತಲುಪಬೇಕಾದ ಒಂದು ಸರಿಯಾದ ಸ್ಥಿತಿಯಿದೆ. ವಿಮೆಯ ಲೋಕಕ್ಕೆ ಹೋದರೆ ಬ್ರಿಟನ್ನಿನಲ್ಲಿ ‘ಲಾಸ್ ಅಡ್ಜಸ್ಟರ್’ ಎಂಬ ಹುದ್ದೆಯೇ ಇದೆ. ಬೆಂಕಿ ಬಿದ್ದ ಮನೆಗೋ ನೆರೆ ನುಗ್ಗಿದ ಅಂಗಡಿಗೋ ಹೋಗಿ, ನಷ್ಟವೆಷ್ಟು, ಅದರಲ್ಲಿ ಕಂಪನಿ ಕೊಡಬೇಕಾದದ್ದೆಷ್ಟು ಎಂದು ಲೆಕ್ಕ ಹಾಕುವುದು ಆತನ ಕೆಲಸ. ಲೆಕ್ಕಪತ್ರದ ಪುಸ್ತಕದಲ್ಲಿ ವರ್ಷದ ಕೊನೆಗೆ ಅಡ್ಜಸ್ಟ್‌ಮೆಂಟ್ ನಮೂದುಗಳಿರುತ್ತವೆ. ಯಾವ ಖಾತೆಯಿಂದ ಯಾವ ಖಾತೆಗೆ ಎಷ್ಟು ರೂಪಾಯಿ ಎಂದು ಅಲ್ಲಿ ಬರೆಯಲೇಬೇಕು. ಫಿರಂಗಿ ದಳದವರಿಗೂ ಈ ಪದ ಬೇಕು. ಮೊದಲ ಗುಂಡು ಗುರಿಯಿಂದ ಎಷ್ಟು ಆಚೆ ಬಿತ್ತು ಎಂದು ವೀಕ್ಷಕ ನೋಡಿ ಹೇಳುತ್ತಾನೆ, ಅದರಂತೆ ಮುಂದಿನ ಗುಂಡನ್ನು ಅಡ್ಜಸ್ಟ್ ಮಾಡುತ್ತಾರೆ.

ಮನೋವೈದ್ಯರ ಕೈಪಿಡಿಯಲ್ಲಿ ‘ಅಡ್ಜಸ್ಟ್‌ಮೆಂಟ್ ಡಿಸಾರ್ಡರ್’ ಎಂಬ ಕಾಯಿಲೆಯ ಹೆಸರಿದೆ. ಕೆಲಸ ಹೋದದ್ದು, ಮದುವೆ ಮುರಿದದ್ದು, ಊರು ಬಿಟ್ಟದ್ದು ಹೀಗೆ ಯಾವುದೋ ಒಂದು ಪೆಟ್ಟಿಗೆ ಮನಸ್ಸು ಹೊಂದಿಕೊಳ್ಳಲಾಗದೆ ತೊಳಲಾಡುವುದು ಅದರ ಲಕ್ಷಣ. ಆದರೆ ವೈದ್ಯರು ಹಾಗೆ ಹೆಸರಿಡಬೇಕಾದರೆ ಆ ಪೆಟ್ಟು ಯಾವುದು ಎಂದು ಗುರುತಿಸಬೇಕು. ಪೆಟ್ಟು ಬಿದ್ದ ಮೂರು ತಿಂಗಳೊಳಗೆ ಲಕ್ಷಣಗಳು ಶುರುವಾಗಿರಬೇಕು. ಪೆಟ್ಟಿನ ಕಾರಣವೂ ಅದರ ಪರಿಣಾಮಗಳೂ ಮುಗಿದ ಮೇಲೆ ಆರು ತಿಂಗಳಿಗಿಂತ ಹೆಚ್ಚು ಅವು ಉಳಿಯಬಾರದು. ಅಂದರೆ ಕಾಯಿಲೆಗೂ ಒಂದು ಕಾರಣ, ಒಂದು ಅವಧಿ.

ಶಾಲೆಯಲ್ಲಿ ಸಕರ್ಮಕ, ಅಕರ್ಮಕ ಎಂದು ಕ್ರಿಯಾಪದಗಳನ್ನು ಎರಡಾಗಿ ಒಡೆದದ್ದು ನೆನಪಿರಬಹುದು. ಕ್ರಿಯಾಪದಕ್ಕೆ ‘ಏನನ್ನು?’ ಎಂದು ಕೇಳಿ, ಉತ್ತರ ಬಂದರೆ ಸಕರ್ಮಕ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಮೇಲಿನ ಕಸುಬುಗಳಲ್ಲೆಲ್ಲ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಗಡಿಯಾರವನ್ನು, ನಷ್ಟವನ್ನು, ಖಾತೆಯನ್ನು, ಗುರಿಯನ್ನು. ಕರ್ಮಪದವಿಲ್ಲದೆ ‘ಹೊಂದಿಕೊಳ್ಳು’ ಎಂಬ ಅರ್ಥದಲ್ಲಿ ಬಂದಾಗಲೂ ಇಂಗ್ಲಿಷಿನಲ್ಲಿ ಅದರ ಬೆನ್ನಿಗೆ ಸಾಮಾನ್ಯವಾಗಿ ‘ಇಂಥದ್ದಕ್ಕೆ’ ಎಂಬುದು ಇರುತ್ತದೆ. ಕತ್ತಲೆಗೆ, ಹೊಸ ಊರಿಗೆ, ನಿವೃತ್ತಿಗೆ.

ಈಗ ನಮ್ಮ ವಾಕ್ಯಕ್ಕೆ ಇದೇ ಪ್ರಶ್ನೆ ಹಾಕಿ. ‘ಸ್ವಲ್ಪ ಅಡ್ಜಸ್ಟ್ ಮಾಡಿ’. ಏನನ್ನು? ಉತ್ತರವಿಲ್ಲ. ಯಾವುದಕ್ಕೆ? ಅದಕ್ಕೂ ಇಲ್ಲ. ಕರ್ಮಪದವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿದ್ದರೂ ಅದು ಯಾರೆಂದು ಎಲ್ಲರಿಗೂ ಗೊತ್ತು: ಎದುರಿಗಿರುವ ನೀವು. ಅಡ್ಜಸ್ಟ್ ಮಾಡಬೇಕಾದವರೂ ನೀವೇ, ಅಡ್ಜಸ್ಟ್ ಆಗಬೇಕಾದ ವಸ್ತುವೂ ನೀವೇ. ನಾನು ಹೇಳಿದ ಕಳೆದುಹೋದ ಅಂಗ ಇದು.

ಇದರ ಮೇಲೆ ಕನ್ನಡದ್ದೇ ಒಂದು ಪ್ರತ್ಯಯ ಬಂದು ಕೂಡಿಕೊಂಡಿತು. ‘ಅಡುಗೆ ಮಾಡಿದಳು’ ಎನ್ನುವುದಕ್ಕೂ ‘ಅಡುಗೆ ಮಾಡಿಕೊಂಡಳು’ ಎನ್ನುವುದಕ್ಕೂ ಇರುವ ವ್ಯತ್ಯಾಸ ಕನ್ನಡ ಬಲ್ಲ ಮಗುವಿಗೂ ಗೊತ್ತು. ಮೊದಲನೆಯದರಲ್ಲಿ ಯಾರಿಗೆ ಮಾಡಿದಳೋ ತಿಳಿಯದು, ಎರಡನೆಯದರಲ್ಲಿ ತನಗಾಗಿ ಮಾಡಿಕೊಂಡಳು. ‘ಕೊಳ್ಳು’ ಎಂಬುದು ಸೇರಿದರೆ ಕೆಲಸದ ಫಲ ಮಾಡಿದವರ ಕಡೆಗೇ ತಿರುಗುತ್ತದೆ. ನಾವು ಹೆಚ್ಚಾಗಿ ಹೇಳುವುದು ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು. ಜಾಗ ಬಿಟ್ಟುಕೊಡುವವರು ನೀವು, ಜಾಗ ಸಿಗುವುದು ಇನ್ನೊಬ್ಬರಿಗೆ. ವ್ಯಾಕರಣ ಮಾತ್ರ ಲಾಭ ನಿಮ್ಮದೇ ಎಂದು ಸಾಧಿಸುತ್ತದೆ. ‘ನಿನ್ನ ಒಳ್ಳೇದಕ್ಕೇ ಹೇಳ್ತಿರೋದು’ ಎಂಬ ಹಿರಿಯರ ಮಾತು ಈ ಒಂದು ಪ್ರತ್ಯಯದೊಳಗೇ ಕೂತಿದೆ.

ಇನ್ನು ‘ಸ್ವಲ್ಪ’. ‘ಸ್ವಲ್ಪ ನೀರು ಕೊಡಿ’ ಎಂದವರಿಗೆ ಅರ್ಧ ಲೋಟ ಕೊಟ್ಟರೆ ಅವರು ಪೆಚ್ಚಾಗುತ್ತಾರೆ. ಅಲ್ಲಿ ಸ್ವಲ್ಪ ಎಂದರೆ ಅಳತೆ ಅಲ್ಲ, ವಿನಯ. ಕೇಳುವವರು ವಿನಯ ತೋರಿಸಿದ ಮೇಲೆ ಒಲ್ಲೆ ಎನ್ನುವವರು ಒರಟರಾಗುತ್ತಾರೆ. ಹೀಗೆ ಮೂರು ಪದಗಳ ಈ ವಾಕ್ಯದಲ್ಲಿ ಅಳತೆಯಿಲ್ಲದ ಒಂದು ವಿಶೇಷಣ, ಕರ್ಮವಿಲ್ಲದ ಒಂದು ಕ್ರಿಯೆ, ನಿರಾಕರಿಸಿದರೆ ನಿಮ್ಮನ್ನೇ ತಪ್ಪಿತಸ್ಥರಾಗಿಸುವ ಒಂದು ವಿನಂತಿ ಇದೆ.

ಈ ಪದದ ಹುಟ್ಟಿನ ಕತೆಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಡ್ಜಸ್ಟ್ ಎಂಬುದರ ಬಾಲದಲ್ಲಿ ‘ಜಸ್ಟ್’ ಕಾಣುವುದರಿಂದ ಅದು ನ್ಯಾಯಕ್ಕೆ ಸಂಬಂಧಿಸಿದ್ದು, ಲ್ಯಾಟಿನ್ನಿನ ‘ಯುಸ್ಟುಸ್’ನಿಂದ ಬಂದದ್ದು ಎಂದು ಯೂರೋಪಿನವರೇ ಬಹುಕಾಲ ನಂಬಿದ್ದರು. ಅದರ ರೂಪವೂ ಅರ್ಥವೂ ಆ ನಂಬಿಕೆಯಿಂದ ಒಂದಿಷ್ಟು ತಿರುಗಿದವು. ನಿಜವಾದ ಮೂಲ ಲ್ಯಾಟಿನ್ನಿನ ‘ಯುಕ್ಸ್ಟಾ’, ಅಂದರೆ ಹತ್ತಿರ, ಪಕ್ಕ. ಹತ್ತಿರಕ್ಕೆ ತರು ಎಂಬುದು ಆ ಧಾತುವಿನ ಅರ್ಥ. ಫ್ರೆಂಚಿನ ಹಾದಿಯಲ್ಲಿ ಇಂಗ್ಲಿಷಿಗೆ ಬಂತು. ಅದೇ ‘ಯುಕ್ಸ್ಟಾ’ದಿಂದ ಹುಟ್ಟಿದ ಇನ್ನೊಂದು ಇಂಗ್ಲಿಷ್ ಪದ ‘ಜೌಸ್ಟ್’. ಮಧ್ಯಯುಗದ ಕುದುರೆ ಸವಾರರು ಭರ್ಜಿ ಹಿಡಿದು ಎದುರುಬದುರಾಗಿ ನುಗ್ಗುತ್ತಿದ್ದ ಕಾಳಗದ ಹೆಸರು ಅದು.

ಪದದ ಮೂಲವೇ ಅದರ ಅರ್ಥವೆಂದು ವಾದಿಸುವುದು ಭಾಷಾಶಾಸ್ತ್ರದಲ್ಲಿ ತಪ್ಪು. ನಾನು ಹಾಗೆ ವಾದಿಸುತ್ತಿಲ್ಲ. ಆದರೂ ಈ ವಂಶವೃಕ್ಷ ಒಂದು ವಿಷಯವನ್ನು ಚೆನ್ನಾಗಿ ತೋರಿಸುತ್ತದೆ. ಇಬ್ಬರು ಹತ್ತಿರ ಬಂದಾಗ ಅದು ಒಂದೇ ಬೆಂಚಿನಲ್ಲಿ ಕೂರುವ ಸ್ನೇಹವೂ ಆಗಬಹುದು, ಭರ್ಜಿಯ ಕಾಳಗವೂ ಆಗಬಹುದು. ಎರಡರಲ್ಲಿ ಯಾವುದಾಗುತ್ತದೆ ಎಂಬುದು ನ್ಯಾಯವಿದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಆ ನ್ಯಾಯ ಪದದೊಳಗೆ ಇಲ್ಲ, ನಾವೇ ತಂದು ಇಡಬೇಕು.

ಅಡ್ಜಸ್ಟ್ ಬರುವ ಮುಂಚೆ ಕನ್ನಡಿಗರು ಏನು ಹೇಳುತ್ತಿದ್ದರು? ಒಂದು ಪದ ಹೇಳುತ್ತಿರಲಿಲ್ಲ, ಹತ್ತು ಹೇಳುತ್ತಿದ್ದರು. ಬೆಂಚಿನ ಮೇಲೆ ಜಾಗ ಬೇಕಾದರೆ ‘ಸ್ವಲ್ಪ ಸರೀರಿ’. ಹೊಸ ನೀರು, ಹೊಸ ಊರು ಮೈಗೆ ಹಿಡಿದರೆ ‘ಒಗ್ಗಿತು’. ಇಬ್ಬರ ಸ್ವಭಾವ ಕೂಡಿ ಬಂದರೆ ‘ಹೊಂದಿಕೊಂಡರು’. ಜಗಳದಲ್ಲಿ ಎರಡೂ ಕಡೆಯವರು ಒಂದಿಷ್ಟು ಬಿಟ್ಟುಕೊಟ್ಟರೆ ‘ರಾಜಿ’. ಕಷ್ಟದಲ್ಲಿ ಮನೆ ನಡೆಸುವವರಿಗೆ ಉತ್ತರ ಕರ್ನಾಟಕದಲ್ಲಿ ‘ಸಂಭಾಳಿಸಿಕೊಂಡು ಹೋಗ್ತಾರ’ ಎನ್ನುತ್ತಾರೆ. ದಣಿದವರಿಗೆ, ದುಃಖದಲ್ಲಿರುವವರಿಗೆ ‘ಸುಧಾರಿಸಿಕೊ’. ಹಿರಿಯರ ಮನಸ್ಸಿನಂತೆ ನಡೆಯಬೇಕಾದ ಸೊಸೆಗೆ ‘ಅನುಸರಿಸಿಕೊಂಡು ಹೋಗು’. ನೋವನ್ನು ನುಂಗಬೇಕಾದವರಿಗೆ ‘ತಾಳಿಕೊ’, ‘ಸಹಿಸಿಕೊ’.

ಈ ಪದಗಳೆಲ್ಲ ಒಳ್ಳೆಯವು, ಇವನ್ನು ಆಡುತ್ತಿದ್ದ ಸಮಾಜ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ‘ಅನುಸರಿಸಿಕೊಂಡು ಹೋಗು’ ಎಂಬ ಮಾತಿನಡಿ ಎಷ್ಟು ಹೆಣ್ಣುಮಕ್ಕಳ ಬದುಕು ಕರಗಿತೋ ಲೆಕ್ಕ ಇಟ್ಟವರಿಲ್ಲ. ಆದರೆ ಆ ಮಾತು ಕ್ರೂರವಾಗಿದ್ದರೂ ಪ್ರಾಮಾಣಿಕವಾಗಿತ್ತು. ಅನುಸರಿಸುವುದು ಎಂದರೆ ಮುಂದೆ ಒಬ್ಬರಿದ್ದಾರೆ, ಹಿಂದೆ ಒಬ್ಬರಿದ್ದಾರೆ ಎಂಬುದು ಅದರಲ್ಲೇ ಸ್ಪಷ್ಟ. ‘ತಾಳಿಕೊ’ ಎಂದಾಗ ನಿನಗೆ ನೋವಾಗುತ್ತಿದೆ ಎಂದು ಹೇಳುವವರು ಒಪ್ಪಿಕೊಳ್ಳಲೇಬೇಕು. ತಾಳಿದವನು ಬಾಳಿಯಾನು ಎಂಬ ಗಾದೆ ಕೊನೆಗೆ ಬಾಳಿನ ಭರವಸೆಯನ್ನಾದರೂ ಕೊಡುತ್ತದೆ. ‘ಅಡ್ಜಸ್ಟ್ ಮಾಡ್ಕೊ’ ಎಂಬುದರಲ್ಲಿ ನೋವಿನ ಒಪ್ಪಿಗೆಯಿಲ್ಲ, ಭರವಸೆಯೂ ಇಲ್ಲ. ಸರಿಯುವುದು, ಒಗ್ಗುವುದು, ರಾಜಿಯಾಗುವುದು, ಸಹಿಸುವುದು ಎಲ್ಲವೂ ಒಂದೇ ಆಗಿ ಕಾಣುವಂತೆ ಅದು ಮಾಡುತ್ತದೆ. ಅತ್ತೆ ಮನೆಯ ಹೊಡೆತವನ್ನು ನುಂಗುವುದೂ ಬಸ್ಸಿನಲ್ಲಿ ಎರಡು ಇಂಚು ಸರಿಯುವುದೂ ಒಂದೇ ಪದದಲ್ಲಿ ಅಡಗಿದರೆ, ಹೊಡೆತ ಎರಡು ಇಂಚಿನಷ್ಟೇ ಸಣ್ಣದಾಗಿ ಕಾಣುತ್ತದೆ.

ಯಾರು ಅಡ್ಜಸ್ಟ್ ಆಗುತ್ತಾರೆ ಎಂಬ ಪ್ರಶ್ನೆಗೆ ಊಹೆ ಬೇಕಾಗಿಲ್ಲ. 2019ರಲ್ಲಿ ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆ ದೇಶದುದ್ದಕ್ಕೂ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಅಡುಗೆ, ಪಾತ್ರೆ, ಕಸ, ಬಟ್ಟೆಯಂಥ ಸಂಬಳವಿಲ್ಲದ ಮನೆಗೆಲಸವನ್ನು ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಅದೇ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಈ ಎರಡನೆಯ ಅಂಕಿಯಲ್ಲಿ ಕೆಲಸ ಮಾಡುವ ಗಂಡಸರು ಮಾತ್ರ ಸೇರಿದ್ದಾರೆ ಎಂಬುದನ್ನು ಮರೆಯಬೇಡಿ. ನಾಲ್ವರು ಗಂಡಸರಲ್ಲಿ ಹೆಚ್ಚುಕಮ್ಮಿ ಮೂವರು ಆ ಲೆಕ್ಕಕ್ಕೇ ಬರುವುದಿಲ್ಲ. ‘ಇಬ್ಬರೂ ಅಡ್ಜಸ್ಟ್ ಮಾಡಿಕೊಂಡು ಹೋಗಬೇಕಮ್ಮ’ ಎಂದು ಮದುವೆ ಮನೆಯಲ್ಲಿ ಬುದ್ಧಿ ಹೇಳುವವರು ‘ಇಬ್ಬರೂ’ ಎಂದು ಶುರುಮಾಡಿ ‘ಅಮ್ಮ’ ಎಂದು ಮುಗಿಸುತ್ತಾರೆ. ನೋಟವೂ ಅವಳ ಕಡೆಗೇ.

ಮನಶ್ಶಾಸ್ತ್ರಜ್ಞರು ಇದನ್ನು ಅಳೆಯುವ ಪ್ರಶ್ನಾವಳಿಗಳನ್ನೂ ಮಾಡಿದ್ದಾರೆ. 1959ರಲ್ಲಿ ಅಮೆರಿಕದಲ್ಲಿ ಬಂದ ಲಾಕ್ ಮತ್ತು ವ್ಯಾಲೇಸ್ ಅವರ ‘ಮ್ಯಾರಿಟಲ್ ಅಡ್ಜಸ್ಟ್‌ಮೆಂಟ್’ ಪರೀಕ್ಷೆ ಬಹಳ ಪ್ರಸಿದ್ಧ. ಗಂಡಹೆಂಡತಿಗೆ ಹಣಕಾಸಿನಲ್ಲಿ, ಸ್ನೇಹಿತರ ವಿಷಯದಲ್ಲಿ, ಅತ್ತೆಮಾವಂದಿರ ವಿಷಯದಲ್ಲಿ ಎಷ್ಟು ಸಹಮತವಿದೆ ಎಂದು ಕೇಳಿ ಅಂಕ ಕೊಡುತ್ತಾರೆ. ಅದರಲ್ಲಿ ಒಂದು ಪ್ರಶ್ನೆ ನನಗೆ ಬಹಳ ಇಷ್ಟ. ಭಿನ್ನಾಭಿಪ್ರಾಯ ಬಂದಾಗ ಕೊನೆಗೆ ಏನಾಗುತ್ತದೆ: ಗಂಡ ಸೋಲುತ್ತಾನೆಯೇ, ಹೆಂಡತಿ ಸೋಲುತ್ತಾಳೆಯೇ, ಇಬ್ಬರೂ ಕೊಟ್ಟುಪಡೆದು ಒಪ್ಪುತ್ತಾರೆಯೇ? ಅರವತ್ತು ವರ್ಷಗಳಿಗೂ ಹಳೆಯದಾದ, ನೂರು ಮಿತಿಗಳಿರುವ ಆ ಪರೀಕ್ಷೆಗೂ ಯಾರು ಬಿಟ್ಟುಕೊಟ್ಟರು ಎಂದು ಕೇಳಬೇಕು ಅನ್ನಿಸಿತ್ತು. ನಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲಿ ‘ಹುಡುಗಿ ಅಡ್ಜಸ್ಟ್ ಆಗ್ತಾಳೆ ತಾನೆ?’ ಎಂದು ಕೇಳುವವರಿಗೆ ಅನ್ನಿಸುವುದಿಲ್ಲ.

ಮನೆಯಿಂದ ಜಗತ್ತಿನ ಹಣಕಾಸಿಗೆ ಹೋದರೂ ಇದೇ ಪದ, ಇದೇ ಆಟ. 1980ರಿಂದ ವಿಶ್ವಬ್ಯಾಂಕ್ ಬಡ ದೇಶಗಳಿಗೆ ‘ಸ್ಟ್ರಕ್ಚರಲ್ ಅಡ್ಜಸ್ಟ್‌ಮೆಂಟ್’ ಸಾಲ ಕೊಡಲು ಶುರುಮಾಡಿತು. ನಮ್ಮ ಪತ್ರಿಕೆಗಳು ಅದನ್ನು ‘ರಚನಾತ್ಮಕ ಹೊಂದಾಣಿಕೆ’ ಎಂದು ಕರೆದವು. ಸಾಲ ಬೇಕಾದರೆ ಸರ್ಕಾರ ಖರ್ಚು ಇಳಿಸಬೇಕು, ಸಬ್ಸಿಡಿ ಕಡಿಯಬೇಕು, ನಾಣ್ಯದ ಬೆಲೆ ತಗ್ಗಿಸಬೇಕು, ಸರ್ಕಾರಿ ಉದ್ದಿಮೆಗಳನ್ನು ಮಾರಬೇಕು. ಆಫ್ರಿಕಾದ ಹಲವು ದೇಶಗಳಲ್ಲಿ ಶಾಲೆಗೂ ಆಸ್ಪತ್ರೆಗೂ ಶುಲ್ಕ ಬಂತು. ಕಾಗದದ ಮೇಲೆ ಹೊಂದಾಣಿಕೆಯಾದದ್ದು ‘ಅರ್ಥವ್ಯವಸ್ಥೆ’. ನಿಜದಲ್ಲಿ ಹೊಂದಿಕೊಂಡದ್ದು ಶಾಲೆ ಬಿಟ್ಟ ಮಗು, ಆಸ್ಪತ್ರೆಗೆ ಹೋಗದ ಬಾಣಂತಿ. 1987ರಲ್ಲಿ ಯುನಿಸೆಫ್ ಒಂದು ಅಧ್ಯಯನ ಹೊರತಂದಿತು. ಅದರ ಹೆಸರು ‘ಅಡ್ಜಸ್ಟ್‌ಮೆಂಟ್ ವಿತ್ ಎ ಹ್ಯೂಮನ್ ಫೇಸ್’. ಮನುಷ್ಯನ ಮುಖವಿರುವ ಹೊಂದಾಣಿಕೆ ಬೇಕು ಎಂದು ಕೇಳಬೇಕಾಗಿ ಬಂತೆಂದರೆ ಅಲ್ಲಿಯವರೆಗಿನ ಹೊಂದಾಣಿಕೆಗೆ ಯಾವ ಮುಖವಿತ್ತು ಎಂದು ಹೇಳಬೇಕಾಗಿಲ್ಲ. 1991ರ ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆಯನ್ನು ಎರಡು ಕಂತಿನಲ್ಲಿ ಇಳಿಸಿದ್ದನ್ನು ನಮ್ಮ ಅರ್ಥಶಾಸ್ತ್ರಜ್ಞರು ಕೆಳಮುಖ ಅಡ್ಜಸ್ಟ್‌ಮೆಂಟ್ ಎಂದೇ ಬರೆಯುತ್ತಾರೆ. ಆ ನಿರ್ಧಾರ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಇಳಿಸಿದರು ಎನ್ನಬೇಕಾದಲ್ಲಿ ಸರಿಪಡಿಸಿದರು ಎಂದು ಕೇಳಿಸುವ ಪದ ಸಿಕ್ಕರೆ ಅಧಿಕಾರಕ್ಕೆ ಎಷ್ಟು ಅನುಕೂಲ ಎಂಬುದಷ್ಟೇ ಇಲ್ಲಿ ನನ್ನ ಮಾತು.

ಆದರೆ ಹಣವಂತರು ಈ ಪದ ತಮ್ಮ ಮೇಲೆ ಬಿದ್ದಾಗ ಸುಮ್ಮನಿರುವುದಿಲ್ಲ. ನಮ್ಮ ದೇಶದ ಟೆಲಿಕಾಂ ಕಂಪನಿಗಳು ಸರ್ಕಾರಕ್ಕೆ ಕೊಡುವ ಲೈಸೆನ್ಸ್ ಶುಲ್ಕವನ್ನು ಲೆಕ್ಕ ಹಾಕುವುದು ‘ಅಡ್ಜಸ್ಟೆಡ್ ಗ್ರಾಸ್ ರೆವೆನ್ಯೂ’ ಎಂಬ ಆದಾಯದ ಮೇಲೆ. ಇಲ್ಲಿ ಅಡ್ಜಸ್ಟೆಡ್ ಎಂದರೇನು? ಫೋನ್ ಸೇವೆಯಿಂದ ಬಂದ ಆದಾಯ ಮಾತ್ರ ಎಂದವು ಕಂಪನಿಗಳು. ಬಡ್ಡಿ, ಡಿವಿಡೆಂಡ್, ಆಸ್ತಿ ಮಾರಿದ ಲಾಭ ಎಲ್ಲವೂ ಸೇರಬೇಕು ಎಂದಿತು ಸರ್ಕಾರ. ದಶಕಕ್ಕೂ ಹೆಚ್ಚು ಕಾಲ ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿನವರೆಗೆ ಈ ಒಂದು ಪದಗುಚ್ಛದ ಅರ್ಥಕ್ಕಾಗಿ ದೇಶದ ಅತಿ ದುಬಾರಿ ವಕೀಲರು ವಾದಿಸಿದರು. 2019ರ ಅಕ್ಟೋಬರ್ 24ರಂದು ತೀರ್ಪು ಸರ್ಕಾರದ ಕಡೆಗಾಯಿತು. ಬಾಕಿ 92 ಸಾವಿರ ಕೋಟಿ ರೂಪಾಯಿಗೂ ಮೀರಿತ್ತು. ಮರುವರ್ಷ ಸೆಪ್ಟೆಂಬರಿನಲ್ಲಿ ಅದನ್ನು ಕಟ್ಟಲು ಹತ್ತು ವರ್ಷಗಳ ಕಂತು ಸಿಕ್ಕಿತು.

ಇದನ್ನು ಲೇವಡಿಗಾಗಿ ಹೇಳುತ್ತಿಲ್ಲ. ಕಂಪನಿಗಳು ಮಾಡಿದ್ದು ಸರಿಯಾದ ಕೆಲಸ. ‘ಅಡ್ಜಸ್ಟ್ ಎಂದರೆ ಏನು, ಏನೇನು ಸೇರುತ್ತದೆ, ಎಷ್ಟು ಕಾಲದಲ್ಲಿ ಕೊಡಬೇಕು?’ ಎಂದು ಅವು ಕೇಳಿದವು. ಆ ಮೂರು ಪ್ರಶ್ನೆಗಳನ್ನು ಕೇಳುವ ಹಕ್ಕು ಸೊಸೆಗೆ ಇಲ್ಲ, ಬಾಡಿಗೆದಾರನಿಗೆ ಇಲ್ಲ, ಗುತ್ತಿಗೆಯ ಮೇಲೆ ದುಡಿಯುವ ಪೌರಕಾರ್ಮಿಕರಿಗೆ ಇಲ್ಲ. ‘ಈ ತಿಂಗಳು ಸಂಬಳ ತಡ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದಾಗ ಎಷ್ಟು ದಿನ ತಡ ಎಂದು ಕೇಳಿದವರು ಅಹಂಕಾರಿಗಳಾಗುತ್ತಾರೆ.

ರಾಜಕೀಯದಲ್ಲಿ ಈ ಪದ ಬೇರೆಯೇ ಬಣ್ಣ ತಳೆಯುತ್ತದೆ. ಎದುರಾಳಿ ಪಕ್ಷಗಳ ನಾಯಕರು ಒಳಗೊಳಗೇ ಒಬ್ಬರನ್ನೊಬ್ಬರು ಕಾಯುತ್ತಾರೆ ಎಂಬ ಆರೋಪಕ್ಕೆ ಕರ್ನಾಟಕದಲ್ಲಿ ‘ಅಡ್ಜಸ್ಟ್‌ಮೆಂಟ್ ರಾಜಕಾರಣ’ ಎಂದು ಹೆಸರು. ಅಲ್ಲಿ ಅದು ಬೈಗುಳ. ಎಲ್ಲ ಪಕ್ಷಗಳವರೂ ಅದನ್ನು ಇನ್ನೊಬ್ಬರ ಮೇಲೆ ಎಸೆಯುತ್ತಾರೆ, ತಮ್ಮ ಮೇಲೆ ಬಿದ್ದರೆ ಸಿಡಿಯುತ್ತಾರೆ. ಬಲಿಷ್ಠರು ಪರಸ್ಪರ ಅಡ್ಜಸ್ಟ್ ಆದರೆ ಅದು ಕಳಂಕ, ಬಲವಿಲ್ಲದವರು ಬಲಿಷ್ಠರಿಗೆ ಅಡ್ಜಸ್ಟ್ ಆದರೆ ಅದು ಸದ್ಗುಣ! ಒಂದೇ ಪದ ಎರಡು ಕಡೆ ಎರಡು ನೀತಿ ಹೇಳುತ್ತಿದ್ದರೂ ನಾವು ಇದನ್ನು ಗಮನಿಸುವುದೇ ಇಲ್ಲ.

ಇಷ್ಟಾದರೂ ಇದೆಲ್ಲ ಬರೀ ಮಾತಿನ ವಿಷಯ, ಪದದಿಂದ ಯಾರಿಗೇನು ಆಗುತ್ತದೆ ಎನ್ನುವವರು ನೆರೆಯ ಕೇರಳದ ಕಡೆ ನೋಡಲಿ. ಮಲಯಾಳಂ ಚಿತ್ರರಂಗದಲ್ಲಿ ಹೆಂಗಸರ ಸ್ಥಿತಿಗತಿ ತಿಳಿಯಲು 2017ರಲ್ಲಿ ಅಲ್ಲಿನ ಸರ್ಕಾರ ನ್ಯಾಯಮೂರ್ತಿ ಕೆ. ಹೇಮಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. 2019ರ ಕೊನೆಗೆ ಸಲ್ಲಿಕೆಯಾದ ವರದಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. ಆ ರಂಗದ ಹೆಂಗಸರಿಗೆಲ್ಲ ಪರಿಚಿತವಾದ ಎರಡು ಪದಗಳನ್ನು ಸಮಿತಿ ಹೆಸರಿಸಿ ದಾಖಲಿಸಿತು: ‘ಅಡ್ಜಸ್ಟ್‌ಮೆಂಟ್’ ಮತ್ತು ‘ಕಾಂಪ್ರಮೈಸ್’. ಅವಕಾಶ ಬೇಕಾದರೆ ಮೈ ಒಪ್ಪಿಸಬೇಕು ಎನ್ನುವುದಕ್ಕೆ ಅಲ್ಲಿ ಬಳಕೆಯಲ್ಲಿರುವ ಮರ್ಯಾದಸ್ಥ ಹೆಸರುಗಳು ಇವು. ವರದಿ ಹೊರಬಂದ ಬೆನ್ನಿಗೇ ಕನ್ನಡ ಚಿತ್ರರಂಗದ ‘ಫೈರ್’ ಸಂಘಟನೆಯವರು ಇಲ್ಲೂ ಅಂಥದ್ದೇ ಸಮಿತಿ ಬೇಕೆಂದು ನಮ್ಮ ಸರ್ಕಾರಕ್ಕೆ ಮನವಿ ಸಲ್ಲಿಸಿದರು.

ಅಲ್ಲಿ ಏಕೆ ಈ ಪದವೇ ಬೇಕಾಯಿತು ಎಂದು ಯೋಚಿಸಿ. ಬೇಡಿಕೆಯನ್ನು ಅದರ ನಿಜವಾದ ಹೆಸರಿನಿಂದ ಕರೆದರೆ ಅದು ಅಪರಾಧ. ಹೇಳಿದವನ ಮೇಲೆ ದೂರು ಕೊಡಬಹುದು. ಅಡ್ಜಸ್ಟ್‌ಮೆಂಟ್ ಎಂದರೆ ಹೇಳಿದ್ದೂ ಆಯಿತು, ಹೇಳದ ಹಾಗೂ ಆಯಿತು. ಏನನ್ನು ಎಂಬುದು ವಾಕ್ಯದಲ್ಲಿ ಇಲ್ಲ. ಕರ್ಮಪದವಿಲ್ಲದ ವಾಕ್ಯಕ್ಕೆ ಸಾಕ್ಷಿ ಹೇಳುವುದು ಕಷ್ಟ. ಬಸ್ಸಿನ ಸೀಟಿನಲ್ಲಿ ನಾವು ನಗುನಗುತ್ತ ಕಲಿಸಿದ ವ್ಯಾಕರಣ ಮುಚ್ಚಿದ ಬಾಗಿಲಿನ ಹಿಂದೆ ಉಪಯೋಗಕ್ಕೆ ಬರುವುದು ಹೀಗೆ.

ಈಗ ಎದುರುವಾದಕ್ಕೆ ಬರೋಣ, ಅದು ಹಗುರವಾದದ್ದೇನಲ್ಲ. ರೈಲಿನ ಜನರಲ್ ಬೋಗಿಯಲ್ಲಿ ಮೂವರ ಬೆಂಚಿನಲ್ಲಿ ಐವರು ಕೂರುತ್ತಾರೆ. ಮಗು ಎತ್ತಿಕೊಂಡ ತಾಯಿ ಬಂದರೆ ಆರನೆಯವಳಿಗೂ ಜಾಗವಾಗುತ್ತದೆ. ಸೀಟು ಕಾಯ್ದಿರಿಸಿ ಒಬ್ಬೊಬ್ಬರೇ ಕೂರುವವರಿಗೆ ಇದು ಅಸಭ್ಯವಾಗಿ ಕಾಣಬಹುದು, ಆದರೆ ಬಡವರ ನಾಡಿನಲ್ಲಿ ಬದುಕು ಮುಂದೆ ಸಾಗುವುದು ಇದರಿಂದಲೇ. ಅಡ್ಜಸ್ಟ್ ಮಾಡಿಕೊಳ್ಳುವುದನ್ನು ಬಿಟ್ಟರೆ ನಾವೆಲ್ಲ ಹಕ್ಕುಬಾಧ್ಯತೆಯ ಲೆಕ್ಕ ಹಿಡಿದು ಜಗಳ ಕಾಯುತ್ತ ಕೂರಬೇಕಾಗುತ್ತದೆ. ಹೀಗೆ ವಾದಿಸುವವರಿದ್ದಾರೆ.

ಆ ಬೆಂಚನ್ನು ನಾನೂ ಒಪ್ಪುತ್ತೇನೆ. ನನ್ನ ವಾದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆ ಬೆಂಚಿನಲ್ಲಿ ಏನಾಗುತ್ತದೆ ನೋಡಿ. ಕೂತವರೆಲ್ಲ ಒಂದೊಂದು ಇಂಚು ಸರಿಯುತ್ತಾರೆ. ಎಷ್ಟು ಸರಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಜಾಗ ಯಾರಿಗೆ, ಯಾಕೆ ಎಂಬುದು ಕಣ್ಣೆದುರಿಗಿದೆ. ಅರಸೀಕೆರೆಯಲ್ಲೋ ಬೀರೂರಿನಲ್ಲೋ ಇಬ್ಬರು ಇಳಿದರೆ ಎಲ್ಲರೂ ಮತ್ತೆ ಕಾಲು ಚಾಚುತ್ತಾರೆ. ನಾಳೆ ನೀವು ತಡವಾಗಿ ಹತ್ತಿದರೆ ಇದೇ ಸೌಲಭ್ಯ ನಿಮಗೂ ಉಂಟು. ಅಂದರೆ ಅಲ್ಲಿ ಕರ್ಮಪದವಿದೆ, ಅಳತೆಯಿದೆ, ಅವಧಿಯಿದೆ, ಸರದಿಯಿದೆ. ಇವುಗಳಿರುವಲ್ಲಿ ಅಡ್ಜಸ್ಟ್ ಎಂಬುದು ನಿಜವಾಗಿಯೂ ದೊಡ್ಡ ಗುಣ. ಒಬ್ಬರೇ ಸರಿಯುತ್ತ ಸರಿಯುತ್ತ ಬೆಂಚಿನ ತುದಿಗೆ ಬಂದು ನೆಲಕ್ಕೆ ಬಿದ್ದರೆ, ಉಳಿದವರು ಕದಲದೆ ಕೂತಿದ್ದರೆ, ಅದಕ್ಕೆ ಅಡ್ಜಸ್ಟ್ ಎನ್ನಬಾರದು, ತಳ್ಳುವುದು ಎನ್ನಬೇಕು. ಕನ್ನಡದಲ್ಲಿ ಅದಕ್ಕೆ ಪದವಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನೂ ಈ ವಾದದಲ್ಲಿ ಎಳೆದು ತರುತ್ತಾರೆ. ಸಾಲ ಮಾಡಬೇಡ ಎಂಬ ಅರ್ಥದಲ್ಲಿ ಅದು ಒಳ್ಳೆಯ ಗಾದೆ. ಆದರೆ ಒಂದೇ ಮನೆಯಲ್ಲಿ ಅಣ್ಣನಿಗೆ ಆರಡಿ, ತಂಗಿಗೆ ಮೂರಡಿ ಹಾಸಿ, ಆಮೇಲೆ ತಂಗಿಗೆ ಗಾದೆ ಹೇಳಿದರೆ, ಕಾಲು ಮಡಚುವ ಮೊದಲು ಹಾಸಿಗೆ ನೇಯ್ದವರು ಯಾರು ಎಂದು ಅವಳು ಕೇಳಲೇಬೇಕಾಗುತ್ತದೆ.

ಇನ್ನೊಂದು ಎದುರುವಾದ ಮನಸ್ಸಿನ ಆರೋಗ್ಯದ್ದು. ಹೊಂದಿಕೊಳ್ಳಲು ಬಾರದವರು ಸುಖವಾಗಿರುವುದಿಲ್ಲ, ಹಾಗಾಗಿ ಮಕ್ಕಳಿಗೆ ಹೊಂದಿಕೊಳ್ಳುವುದನ್ನೇ ಕಲಿಸಬೇಕು ಎನ್ನುತ್ತಾರೆ. ಇದಕ್ಕೆ ಮಾರ್ಟಿನ್ ಲೂಥರ್ ಕಿಂಗ್ 1967ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಸಮಾವೇಶದಲ್ಲೇ ಉತ್ತರ ಕೊಟ್ಟರು. ನಿಮ್ಮ ಶಾಸ್ತ್ರದಲ್ಲಿ ‘ಮ್ಯಾಲಡ್ಜಸ್ಟೆಡ್’ ಎಂಬ ಪದ ಬಹಳ ಬಳಕೆಯಲ್ಲಿದೆ ಎಂದು ಅವರು ನೆನಪಿಸಿದರು. ಹೊಂದಿಕೊಳ್ಳದಿರುವುದು ಎಲ್ಲ ಕಡೆಯೂ ರೋಗವಲ್ಲ, ವರ್ಣಭೇದಕ್ಕೆ, ಧರ್ಮಾಂಧತೆಗೆ, ಹಲವರ ಅನ್ನ ಕಿತ್ತು ಕೆಲವರ ಭೋಗಕ್ಕೆ ಕೊಡುವ ಅರ್ಥವ್ಯವಸ್ಥೆಗೆ ಎಂದೂ ಹೊಂದಿಕೊಳ್ಳಬಾರದು ಎಂದು ವಾದಿಸಿದರು. ಹೊಂದಿಕೊಳ್ಳದವರದ್ದೇ ಒಂದು ಅಂತರರಾಷ್ಟ್ರೀಯ ಸಂಘ ಬೇಕಾಗಿದೆ ಎಂದು ಅರ್ಧ ತಮಾಷೆಯಲ್ಲಿ, ಪೂರ್ತಿ ಗಂಭೀರವಾಗಿ ಹೇಳಿದರು. ಅವರೂ ಮಾಡಿದ್ದು ಕಳೆದುಹೋದ ಪದವನ್ನು ವಾಕ್ಯಕ್ಕೆ ಮರಳಿಸುವ ಕೆಲಸವನ್ನೇ. ಯಾವುದಕ್ಕೆ ಹೊಂದಿಕೊಳ್ಳಬೇಕು ಎಂದು ಕೇಳಿದ ಕೂಡಲೇ ಆರೋಗ್ಯದ ಪ್ರಶ್ನೆ ನ್ಯಾಯದ ಪ್ರಶ್ನೆಯಾಗುತ್ತದೆ.

ಕೊನೆಗೆ, ಅಡ್ಜಸ್ಟ್ ಬೇಡ, ‘ಹೊಂದಾಣಿಕೆ’ ಎಂದು ಅಚ್ಚಗನ್ನಡ ಬಳಸಿ ಎನ್ನುವ ಭಾಷಾಪ್ರೇಮಿಗಳಿಗೆ ಎರಡು ಮಾತು. ಪದ ಬದಲಾಯಿಸಿದರೆ ಅನ್ಯಾಯ ಬದಲಾಗುವುದಿಲ್ಲ. ರಚನಾತ್ಮಕ ಹೊಂದಾಣಿಕೆ ಎಂದ ಮಾತ್ರಕ್ಕೆ ಯಾವ ಆಸ್ಪತ್ರೆಯ ಶುಲ್ಕವೂ ಇಳಿಯಲಿಲ್ಲ. ನಿಮ್ಮ ಪ್ರೀತಿಯನ್ನು ಇಂಗ್ಲಿಷ್ ಪದವನ್ನು ಓಡಿಸುವುದಕ್ಕೆ ಖರ್ಚುಮಾಡುವ ಬದಲು, ಅದು ಬಂದು ಮಸುಕು ಮಾಡಿದ ಹತ್ತು ಕನ್ನಡ ಪದಗಳ ನಡುವಿನ ಗೆರೆಗಳನ್ನು ಮತ್ತೆ ಎಳೆಯುವುದಕ್ಕೆ ಬಳಸಿ. ಸರಿಯಬೇಕಾದಲ್ಲಿ ಸರಿಯಿರಿ ಎನ್ನೋಣ, ರಾಜಿಯಿದ್ದಲ್ಲಿ ರಾಜಿ ಎನ್ನೋಣ, ಸಹಿಸು ಎಂದು ಹೇಳುವ ಧೈರ್ಯವಿದ್ದರೆ ಸಹಿಸು ಎಂದೇ ಹೇಳಿ ಅದರ ಹೊಣೆ ಹೊರೋಣ.

ಓದುಗರಲ್ಲಿ ವಿದ್ಯಾರ್ಥಿಗಳು ಹೆಚ್ಚಿದ್ದೀರಿ. ಹಾಸ್ಟೆಲ್ಲಿನಲ್ಲಿ, ಇಂಟರ್ನ್‌ಶಿಪ್ಪಿನಲ್ಲಿ, ಮೊದಲ ಕೆಲಸದಲ್ಲಿ, ಮದುವೆಯ ಮಾತುಕತೆಯಲ್ಲಿ ಈ ವಾಕ್ಯ ನಿಮ್ಮನ್ನು ಹುಡುಕಿಕೊಂಡು ಬಂದೇ ಬರುತ್ತದೆ. ಬಂದಾಗ ಜಗಳ ಮಾಡಬೇಕೆಂದಿಲ್ಲ. ಶಾಲೆಯಲ್ಲಿ ಕಲಿತ ಪ್ರಶ್ನೆಯನ್ನು ಕೇಳಿದರೆ ಸಾಕು. ಏನನ್ನು ಅಡ್ಜಸ್ಟ್ ಮಾಡಬೇಕು? ನನ್ನ ಜೊತೆ ಇನ್ನು ಯಾರು ಮಾಡುತ್ತಾರೆ? ಎಂದಿನವರೆಗೆ? ಉತ್ತರ ಸರಿಯೆನಿಸಿದರೆ ಎರಡು ಇಂಚೇನು, ನಾಲ್ಕು ಇಂಚು ಸರಿಯಿರಿ. ಉತ್ತರವೇ ಬರದಿದ್ದರೆ ಕೂತ ಜಾಗ ಬಿಡಬೇಡಿ.